ಕೆಚಪ್ ಕೊಡದ ಬರ್ಗರ್ ಹೋಟೆಲು: ತಪ್ಪು ಕಲ್ಪನೆ ಮತ್ತು ವಾಸ್ತವ

ಅಮೆರಿಕದ ಕನೆಟಿಕಟ್ ರಾಜ್ಯದ ನ್ಯೂ ಹೇವನ್, ಯೇಲ್ ವಿಶ್ವವಿದ್ಯಾಲಯದ ಊರು. ಅಲ್ಲಿನ ಕ್ರೌನ್ ಸ್ಟ್ರೀಟಿನಲ್ಲಿ ‘ಲೂಯೀಸ್ ಲಂಚ್’ ಎಂಬ ಪುಟ್ಟ ಹೋಟೆಲಿದೆ. ಡೆನ್ಮಾರ್ಕಿನಿಂದ ವಲಸೆ ಬಂದ ಲೂಯಿ ಲಾಸೆನ್ 1895ರಲ್ಲಿ ಶುರು ಮಾಡಿದ ವ್ಯಾಪಾರವನ್ನು ಈಗಲೂ ಅವರ ಮನೆತನದವರೇ ನಡೆಸುತ್ತಿದ್ದಾರೆ. ಅಲ್ಲಿನ ಹ್ಯಾಂಬರ್ಗರ್ ಹೆಸರುವಾಸಿ. ಹೆಸರಿನ ಜೊತೆಗೇ ಹಬ್ಬಿದ ಕೆಲವು ನಂಬಿಕೆಗಳು ಮಾತ್ರ ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು.

ತಪ್ಪು ಕಲ್ಪನೆ 1: ಹ್ಯಾಂಬರ್ಗರ್ ಹುಟ್ಟಿದ್ದೇ ಇಲ್ಲಿ, ಅದು ಸಾಬೀತಾದ ಸಂಗತಿ.

ವಾಸ್ತವ: 1900ರಲ್ಲಿ ಅವಸರದಲ್ಲಿದ್ದ ಗಿರಾಕಿಯೊಬ್ಬನಿಗೆ ಲಾಸೆನ್ ಎರಡು ಬ್ರೆಡ್ ತುಂಡುಗಳ ನಡುವೆ ಖೀಮಾ ಇಟ್ಟುಕೊಟ್ಟರು ಎಂಬುದು ಮನೆತನದವರು ಹೇಳುವ ಕಥೆ. ಆದರೆ ವಿಸ್ಕಾನ್ಸಿನ್‌ನ ಸೀಮೋರ್ ಊರಿನವರು 1885ರಲ್ಲೇ ಚಾರ್ಲಿ ನಗ್ರೀನ್ ಇದನ್ನು ಮಾಡಿದ್ದ ಎನ್ನುತ್ತಾರೆ. ಟೆಕ್ಸಸ್, ಒಕ್ಲಹೋಮಾ, ನ್ಯೂಯಾರ್ಕ್ ರಾಜ್ಯಗಳಿಗೂ ತಮ್ಮ ತಮ್ಮ ವಾರಸುದಾರರಿದ್ದಾರೆ. 1890ರ ದಶಕದ ಅಮೆರಿಕನ್ ಪತ್ರಿಕೆಗಳಲ್ಲೇ ಹ್ಯಾಂಬರ್ಗರ್ ಸ್ಯಾಂಡ್‌ವಿಚ್ಚಿನ ಪ್ರಸ್ತಾಪ ಸಿಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಸ್ಥಳೀಯ ಪರಂಪರೆಗಳ ಸಂಗ್ರಹದಲ್ಲಿ ಲೂಯೀಸ್ ಲಂಚ್ ಸೇರಿರುವುದು ನಿಜ. ಅದು ದಾಖಲೆಯೇ ಹೊರತು ತೀರ್ಪಲ್ಲ.

ತಪ್ಪು ಕಲ್ಪನೆ 2: ಕಟ್ಟಡ ಮೊದಲಿನಿಂದಲೂ ಇದ್ದಲ್ಲೇ ಇದೆ.

ವಾಸ್ತವ: ಆರಂಭವಾದದ್ದು ಊಟದ ಗಾಡಿಯಾಗಿ. ಇಟ್ಟಿಗೆಯ ಕಟ್ಟಡ ಆಮೇಲೆ ಬಂತು. ನಗರದ ಪುನರ್ನಿರ್ಮಾಣಕ್ಕೆ ಹಳೆಯ ಜಾಗ ಬಿಡಬೇಕಾದಾಗ, 1975ರಲ್ಲಿ ಕಟ್ಟಡವನ್ನೇ ಎತ್ತಿ ಕ್ರೌನ್ ಸ್ಟ್ರೀಟಿಗೆ ಸಾಗಿಸಿದರು.

ತಪ್ಪು ಕಲ್ಪನೆ 3: ಬನ್ನು, ಕೆಚಪ್, ಫ್ರೈಸ್ ಇಲ್ಲದಿದ್ದರೆ ಅದು ಬರ್ಗರೇ ಅಲ್ಲ.

ವಾಸ್ತವ: ಇಲ್ಲಿ ಬನ್ನಿಲ್ಲ, ಸುಟ್ಟ ಬಿಳಿ ಬ್ರೆಡ್ಡು. ಜೊತೆಗೆ ಚೀಸ್, ಈರುಳ್ಳಿ, ಟೊಮೆಟೊ ಕೇಳಬಹುದು. ಕೆಚಪ್, ಸಾಸಿವೆ, ಮೇಯೊನೀಸ್ ಕೇಳಿದರೂ ಕೊಡುವುದಿಲ್ಲ. ಫ್ರೈಸ್ ಬದಲು ಆಲೂಗಡ್ಡೆ ಸಲಾಡು ಅಥವಾ ಚಿಪ್ಸ್. ಸಣ್ಣ ಜಾಗವಾದ್ದರಿಂದ ನಮಗೆ ಬೇಕಾದಂತೆ ಮಾಡಿಕೊಡುತ್ತಾರೆ ಅಂದುಕೊಂಡು ಹೋದವರು ಪೆಚ್ಚಾಗುತ್ತಾರೆ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಕಾದು ಕೂತವರಿಗೆ ಈ ಹಟ ಅಪರಿಚಿತವಲ್ಲ: ಮಾಡುವುದು ಕೆಲವೇ ಬಗೆ, ಮಾಡುವುದು ತಮ್ಮ ರೀತಿಯಲ್ಲೇ.

ತಪ್ಪು ಕಲ್ಪನೆ 4: ಸಟ್ಟುಗದಿಂದ ಚೆನ್ನಾಗಿ ಒತ್ತಿದರೆ ಮಾಂಸ ರಸಭರಿತವಾಗುತ್ತದೆ.

ವಾಸ್ತವ: ಕೊಬ್ಬು ಕರಗಿದ ಮೇಲೆ ಒತ್ತಿದರೆ ರಸವೆಲ್ಲ ಕಾವಲಿಯ ಪಾಲು. ತೆಳುವಾದ ‘ಸ್ಮ್ಯಾಶ್’ ಬರ್ಗರನ್ನು ಒತ್ತುವುದು ಮೊದಲ ಕೆಲವು ಸೆಕೆಂಡುಗಳಲ್ಲಿ, ಮಾಂಸ ಇನ್ನೂ ತಣ್ಣಗಿರುವಾಗ. ಲೂಯೀಸ್ ಲಂಚಿನಲ್ಲಂತೂ ಒತ್ತುವ ಮಾತೇ ಇಲ್ಲ. 1898ರ ಕಾಲದ ಎರಕದ ಕಬ್ಬಿಣದ ಗ್ಯಾಸ್ ಒಲೆಗಳಲ್ಲಿ ಪ್ಯಾಟಿಯನ್ನು ತಂತಿಯ ಚೌಕಟ್ಟಿಗೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಎರಡೂ ಬದಿಯಿಂದ ಉರಿ ತಾಗುವುದರಿಂದ ಮಗುಚಬೇಕಾಗಿಲ್ಲ; ಹೆಚ್ಚಿನ ಕೊಬ್ಬು ಕೆಳಗೆ ಇಳಿದುಹೋಗುತ್ತದೆ.

ತಪ್ಪು ಕಲ್ಪನೆ 5: ಒಳಗಿನ ಕೆಂಪು ರಸ ರಕ್ತ, ಕಂದು ಬಣ್ಣಕ್ಕೆ ತಿರುಗಿದರೆ ಬೆಂದಂತೆ.

ವಾಸ್ತವ: ಎರಡೂ ತಪ್ಪು. ಆ ಕೆಂಪು ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಮೈಯಲ್ಲಿರುತ್ತದೆ. ಖೀಮಾ ಮಾಡಿದಾಗ ಒಳಗೂ ಸೇರುತ್ತದೆ. ಅದಕ್ಕೇ ಅಮೆರಿಕದ ಕೃಷಿ ಇಲಾಖೆ ಖೀಮಾದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎನ್ನುತ್ತದೆ. ಕೆಲವು ಮಾಂಸ ಅದಕ್ಕೂ ಮೊದಲೇ ಕಂದಾಗುವುದರಿಂದ ಬಣ್ಣ ನಂಬಿಕಸ್ತ ಗುರುತಲ್ಲ, ಥರ್ಮಾಮೀಟರೇ ಬೇಕು. 1992–93ರಲ್ಲಿ ಅರೆಬೆಂದ ಬರ್ಗರಿನ ಇ. ಕೋಲೈ ಸೋಂಕಿಗೆ ಅಮೆರಿಕದಲ್ಲಿ ನಾಲ್ಕು ಮಕ್ಕಳು ಬಲಿಯಾದರು. ಲೂಯೀಸ್ ಲಂಚಿನಲ್ಲಿ ಒಳಗೆ ಗುಲಾಬಿ ಬಣ್ಣ ಉಳಿಯುವಂತೆ ಬೇಯಿಸುವುದೇ ರೂಢಿ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಪೂರ್ತಿ ಬೇಯಿಸಿದ್ದನ್ನೇ ಕೇಳುವುದು ಕ್ಷೇಮ.

ತಪ್ಪು ಕಲ್ಪನೆ 6: ಬರ್ಗರ್ ತಾನೇ, ಎಲ್ಲರಿಗೂ ಏನಾದರೊಂದು ಸಿಗುತ್ತದೆ.

ವಾಸ್ತವ: ಬೆಂಗಳೂರಿನ ಆಲೂ ಟಿಕ್ಕಿ, ಕೋಳಿ ಬರ್ಗರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹ್ಯಾಂಬರ್ಗರ್ ಎಂದರೆ ದನದ ಮಾಂಸವೇ. ಅದನ್ನು ತಿನ್ನದವರು ಮೊದಲೇ ತಿಳಿದು ಹೋಗುವುದು ಒಳ್ಳೆಯದು.

ತಪ್ಪು ಕಲ್ಪನೆ 7: ಇಷ್ಟು ಹೆಸರಿದೆ ಎಂದರೆ ಏನೋ ಗುಟ್ಟಿನ ಮಸಾಲೆ ಇರಬೇಕು.

ವಾಸ್ತವ: ಗುಟ್ಟೇನಿಲ್ಲ. ದಿನದಿನವೂ ಹೊಸದಾಗಿ ಅರೆದ ಮಾಂಸ, ಹಳೆಯ ಒಲೆ, ಸುಟ್ಟ ಬ್ರೆಡ್ಡು, ಅಷ್ಟೆ. ಮೊದಲಿಗ ಯಾರೆಂಬ ಜಗಳದಲ್ಲಿ ಲೂಯೀಸ್ ಲಂಚ್ ಸೋತರೂ ಅದರ ಬರ್ಗರಿಗೆ ಏನೂ ಕಡಿಮೆಯಾಗುವುದಿಲ್ಲ. ಸಾಸಿನ ಮರೆ ಇಲ್ಲದೆ ಮಾಂಸವನ್ನು ಬಡಿಸಲು ಧೈರ್ಯ ಬೇಕು. ಅದರ ಹೆಸರು ನಿಂತಿರುವುದು ಆ ಧೈರ್ಯದ ಮೇಲೆ.