ಮಾಗಿಯ ಚಳಿಯೂ ನಕ್ಷತ್ರ ಆಮೆಯೂ

ಧನುರ್ಮಾಸದ ಪ್ರಾತಃಕಾಲದಲ್ಲಿ ಮಾರತ್ತಹಳ್ಳಿಯ ಉಷ್ಣಮಾನವು ೧೫ ಡಿಗ್ರಿಯ ಸಮೀಪಕ್ಕಿಳಿದಾಗ, ಮನೆಯ ಆಮೆಯು ಆಹಾರವನ್ನು ತೊರೆದು ಮೂಲೆ ಸೇರಿದುದನ್ನು ಕಂಡು, ಶೀತದೇಶಗಳ ಆಮೆಗಳಂತೆ ಇದೂ ದೀರ್ಘನಿದ್ರೆಗೆ ತೊಡಗಿತೆಂದು ಬಗೆಯುವವರುಂಟು. ನಮ್ಮ ನಾಡಿನ ನಕ್ಷತ್ರ ಆಮೆಗೆ ಅಂತಹ ಶಿಶಿರನಿದ್ರೆಯ ಅಭ್ಯಾಸವಿಲ್ಲ. ಬಿಸಿಲಿನಿಂದಲೇ ದೇಹಕ್ಕೆ ಉಷ್ಣವನ್ನು ಪಡೆಯುವ ಈ ಪ್ರಾಣಿಯು ಚಳಿಯಲ್ಲಿ ಮಂದಗತಿಯಾಗುವುದು, ಅದರ ಜೀರ್ಣಶಕ್ತಿಯೂ ಕುಗ್ಗುವುದು, ಅಷ್ಟೆ. ತಣ್ಣನೆಯ ತೇವದ ನೆಲದ ಮೇಲೆ ಬಿಟ್ಟರೆ ಶ್ವಾಸಕೋಶದ ವ್ಯಾಧಿ ತಗಲೀತು. ಎಳೆಬಿಸಿಲು, ಒಣಹುಲ್ಲಿನ ಹಾಸು, ಉಗುರುಬೆಚ್ಚಗಿನ ನೀರು ಅದಕ್ಕೆ ಹಿತ. ಆದರೆ, ಅದೃಷ್ಟ ತರುವುದೆಂಬ ನಂಬಿಕೆಯಿಂದ ಕೊಂಡವರಿಗೆ ಈ ಮಾತು ಅಪ್ರಿಯವೇ ಸರಿ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಆಮೆಯನ್ನು ಮನೆಯಲ್ಲಿ ಸಾಕುವುದನ್ನೇ ನಿಷೇಧಿಸಿದೆ. ಅಂತಹುದು ಕೈಸೇರಿದ್ದರೆ, ಕೆರೆಗೋ ಪೊದೆಗೋ ಬಿಡದೆ, ಅರಣ್ಯ ಇಲಾಖೆಗೆ ಒಪ್ಪಿಸಿರಿ.