ಕರಗುವುದೆಂದರೇನು?

ಬೆಣ್ಣೆ ಬಿಸಿಗೆ ಕರಗುತ್ತದೆ. ಸಕ್ಕರೆ ನೀರಿನಲ್ಲಿ ಕರಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ರಸಾಯನಶಾಸ್ತ್ರವಾದರೋ ಇವೆರಡನ್ನೂ ಬೇರೆಬೇರೆಯೆಂದೇ ಎಣಿಸುತ್ತದೆ: ಮೊದಲನೆಯದು ಶಾಖದ ಕೆಲಸ, ಎರಡನೆಯದು ಇನ್ನೊಂದು ವಸ್ತುವಿನ ಕೆಲಸ. ಆದರೆ ಎರಡು ಲವಣಗಳನ್ನು ಕೂಡಿಸಿ ಕಾಯಿಸಿದಾಗ ಈ ಭೇದ ಅಳಿಸಿಹೋಗುತ್ತದೆ.

ಅಡಿಗೆಯ ಉಪ್ಪು, ಎಂದರೆ ಸೋಡಿಯಂ ಕ್ಲೋರೈಡ್, ಒಂಟಿಯಾಗಿ ಕರಗಲು 801 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡಿಗೆ ಸುಮಾರು 306 ಡಿಗ್ರಿ. ತೇವ ಸೋಕದಂತೆ ಮುಚ್ಚಿದ ಪಾತ್ರೆಯಲ್ಲಿ 162 ಗ್ರಾಂ ಕಬ್ಬಿಣದ ಲವಣಕ್ಕೆ ಸುಮಾರು 58 ಗ್ರಾಂ ಉಪ್ಪು ಬೆರೆಸಿ ಕಾಯಿಸಿದರೆ, ಆ ಮಿಶ್ರಣ ಸುಮಾರು 160 ಡಿಗ್ರಿಯಲ್ಲಿಯೇ ದ್ರವವಾಗುತ್ತದೆ! (ಇದು ಪ್ರಯೋಗಶಾಲೆಯ ಕೆಲಸ, ಅದರ ಆವಿ ಅಪಾಯಕರ. ಮನೆಯಲ್ಲಿ ಮಾಡತಕ್ಕದ್ದಲ್ಲ.)

ಇದಕ್ಕೆ ಕಾರಣವುಂಟು. ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನು ಕಬ್ಬಿಣದ ಲವಣವನ್ನು ಸೇರಿ, ಒಂದು ಕಬ್ಬಿಣದ ಸುತ್ತ ನಾಲ್ಕು ಕ್ಲೋರೀನುಗಳಿರುವ ದೊಡ್ಡ ಅಯಾನಾಗುತ್ತದೆ. ಗಾತ್ರ ಹಿರಿದು, ವಿದ್ಯುದಂಶ ಕಿರಿದು. ಆದಕಾರಣ ಸೋಡಿಯಮ್ಮಿಗೂ ಅದಕ್ಕೂ ಇರುವ ಹಿಡಿತ ಸಡಿಲ. ಸಡಿಲವಾದುದನ್ನು ಬಿಡಿಸಲು ಅಲ್ಪ ಶಾಖ ಸಾಕು.

ವಿಜ್ಞಾನಿಗಳು ಇದನ್ನು ನಕ್ಷೆಯಾಗಿ ಬರೆಯುತ್ತಾರೆ. ಅಡ್ಡಲಾಗಿ ಬೆರಕೆಯ ಪ್ರಮಾಣ, ಮೇಲ್ಮುಖವಾಗಿ ಉಷ್ಣತೆ. ಕಬ್ಬಿಣದ ಲವಣದ ಕಡೆಯಿಂದ ಒಂದು ಗೆರೆ, ಉಪ್ಪಿನ ಕಡೆಯಿಂದ ಇನ್ನೊಂದು ಕಡಿದಾದ ಗೆರೆ ಇಳಿದುಬಂದು ಕಣಿವೆಯಲ್ಲಿ ಕೂಡುತ್ತವೆ. ಇಂಥ ಕಣಿವೆಯ ಮಿಶ್ರಣಕ್ಕೆ 1884ರಲ್ಲಿ ಫ್ರೆಡರಿಕ್ ಗಥ್ರಿಯವರು 'ಯುಟೆಕ್ಟಿಕ್' ಎಂದು ಹೆಸರಿಟ್ಟರು. ಗ್ರೀಕ್ ಮೂಲದಲ್ಲಿ 'ಸುಲಭವಾಗಿ ಕರಗುವುದು' ಎಂದರ್ಥ. ಅಲ್ಲಿಂದ ಉಪ್ಪನ್ನು ಹೆಚ್ಚಿಸಿದರೆ ಹೆಚ್ಚಿದ್ದು ಘನವಾಗಿಯೇ ಉಳಿಯುತ್ತದೆ. ಅದನ್ನೂ ಸೇರಿಸಿಕೊಳ್ಳಲು ಶಾಖವನ್ನು ಬಹಳ ಏರಿಸಬೇಕು. ಹಾಗಾದರೆ ಆ ಗೆರೆ ಉಪ್ಪು ಬಿಸಿಗೆ ಕರಗುವ ಗೆರೆಯೋ, ದ್ರವದಲ್ಲಿ ಕರಗುವ ಗೆರೆಯೋ? ಎರಡೂ ಹೌದು.

ಈ ನಕ್ಷೆ ಕಾರ್ಖಾನೆಗೂ ಬೇಕು. ಟೈಟೇನಿಯಂ ಅದಿರನ್ನು ಕ್ಲೋರೀನಿನಲ್ಲಿ ಕಾಯಿಸುವಾಗ ಕಬ್ಬಿಣದ ಕ್ಲೋರೈಡೂ ಆವಿಯಾಗಿ ಏಳುತ್ತದೆ. ಅದು ತಣ್ಣಗಾದೊಡನೆ ಕೊಳವೆಯ ಗೋಡೆಗೆ ಗಟ್ಟಿಯಾಗಿ ಕಚ್ಚಿಕೊಂಡು ದಾರಿಯನ್ನು ಕಟ್ಟಬಲ್ಲದು. ಆವಿಯನ್ನು ಬಿಸಿ ಉಪ್ಪಿನ ಹಾಸಿನ ಮೂಲಕ ಹಾಯಿಸುವುದು ಒಂದು ಉಪಾಯ: ಕಬ್ಬಿಣ ಉಪ್ಪಿನೊಡನೆ ಕೂಡಿ ದ್ರವವಾಗಿ ಕೆಳಗೆ ಹರಿದುಹೋಗುತ್ತದೆ.

ಐಸ್‌ಕ್ರೀಮ್ ತಿರುವುವವರು ಮಂಜುಗಡ್ಡೆಗೆ ಉಪ್ಪು ಹಾಕುವುದೂ ಇದೇ ಬಗೆಯ ಕಣಿವೆಯನ್ನು ನಂಬಿ. ಅಲ್ಲಿ ನೀರು ಮತ್ತು ಉಪ್ಪಿನ ಗೆರೆಗಳು ಸೊನ್ನೆಗಿಂತ 21 ಡಿಗ್ರಿ ಕೆಳಗೆ ಕೂಡುತ್ತವೆ. ಕುಲುಮೆಗೂ ಐಸ್‌ಕ್ರೀಮಿಗೂ ನಿಯಮ ಒಂದೇ. ಒಂದೇ ಕ್ರಿಯಾಪದವನ್ನಿಟ್ಟುಕೊಂಡ ನಮ್ಮ ನುಡಿ ತಪ್ಪಿದ್ದೇನೂ ಅಲ್ಲ.