ಹಾಲು ಕಾಯುವಷ್ಟು ಹೊತ್ತಿನ ಪಾಠ

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ನಾಯಿಮರಿ ಬಂದು ತಿಂಗಳಾಗುವುದರೊಳಗೆ ಒಂದು ಮಾತು ಹುಟ್ಟಿಕೊಳ್ಳುತ್ತದೆ: "ಇದಕ್ಕೆ ಏನಾದರೂ ಕಲಿಸೋಣ ಅಂದರೆ ಟೈಮೇ ಸಿಗಲ್ಲ." ಬೆಂಗಳೂರಿನಂಥ ಊರಿನಲ್ಲಿ ಈ ಮಾತು ಸುಳ್ಳಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು, ಕಚೇರಿಯ ಒಂಬತ್ತು ಗಂಟೆಯ ಜೊತೆಗೆ ರಸ್ತೆಯಲ್ಲಿ ಎರಡು ಗಂಟೆ ಕಳೆದು, ಕತ್ತಲಾದ ಮೇಲೆ ಬೀಗ ತೆಗೆಯುವವರ ಕೈಯಲ್ಲಿ ಉಳಿಯುವ ಹೊತ್ತು ಎಷ್ಟು? ಆದರೆ ಆ ಮಾತಿನ ಹಿಂದೆ ಒಂದು ತಪ್ಪು ತಿಳಿವಳಿಕೆ ಕೂತಿದೆ. ತರಬೇತಿ ಎಂದರೆ ಸಂಗೀತದ ಕ್ಲಾಸಿನ ಹಾಗೆ, ಅದಕ್ಕೆಂದೇ ದಿನಕ್ಕೊಂದು ಗಂಟೆ ಎತ್ತಿಡಬೇಕು, ಮೈದಾನ ಬೇಕು, ಸೀಟಿ ಊದುವ ಮಾಸ್ತರರು ಬೇಕು ಎಂಬ ತಿಳಿವಳಿಕೆ. ಪೊಲೀಸ್ ಶ್ವಾನದಳದ ನಾಯಿಗೆ ಅದು ಸರಿ. ಮನೆಯ ನಾಯಿಗೆ ಬೇಕಾದ ಪಾಠಗಳು ಬೇರೆ: ಕರೆದರೆ ಬರುವುದು, ಬಾಗಿಲಲ್ಲಿ ಕಾಯುವುದು, ಬಂದವರ ಮೈಮೇಲೆ ಹಾರದಿರುವುದು, ಹಗ್ಗ ಜಗ್ಗದೆ ನಡೆಯುವುದು. ಇವನ್ನು ಕಲಿಸಲು ಒಂದೊಂದು ಸಲಕ್ಕೆ ಒಲೆಯ ಮೇಲಿನ ಹಾಲು ಕಾಯುವಷ್ಟು ಹೊತ್ತು ಸಾಕು. ಪುರುಸೊತ್ತಿಲ್ಲದವರ ಸಮಾಧಾನಕ್ಕಾಗಿ ಹೇಳುವ ಮಾತಲ್ಲ ಇದು. ನಾಯಿ ಕಲಿಯುವ ರೀತಿಯೇ ಹಾಗಿದೆ.

ಇದಕ್ಕೆ ಗಟ್ಟಿ ಆಧಾರ ಡೆನ್ಮಾರ್ಕಿನಿಂದ ಬಂದಿದೆ. ಇಬೆನ್ ಮೇಯರ್ ಮತ್ತು ಯಾನ್ ಲಾಡೆವಿಗ್ ಎಂಬ ಸಂಶೋಧಕರು 18 ಬೀಗಲ್ ನಾಯಿಗಳನ್ನು ಎರಡು ಗುಂಪು ಮಾಡಿ, ನೆಲದ ಮೇಲಿಟ್ಟ ಮೌಸ್‌ಪ್ಯಾಡನ್ನು ಪಂಜದಿಂದ ಮುಟ್ಟುವುದನ್ನು ಕಲಿಸಿದರು. ಒಂದು ಗುಂಪಿಗೆ ವಾರಕ್ಕೆ ಐದು ದಿನ ಪಾಠ, ಇನ್ನೊಂದಕ್ಕೆ ವಾರಕ್ಕೆ ಒಂದೇ ದಿನ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ವಾರಕ್ಕೊಮ್ಮೆ ಕಲಿತ ನಾಯಿಗಳಿಗೆ ಅದೇ ಕೆಲಸ ಕಲಿಯಲು ಕಡಿಮೆ ಪಾಠಗಳು ಸಾಕಾದವು. 2011ರಲ್ಲಿ ಲಾಡೆವಿಗ್ ಮತ್ತು ಸಂಗಡಿಗರು 44 ಬೀಗಲ್‌ಗಳ ಮೇಲೆ ಇನ್ನೂ ವಿವರವಾದ ಪರೀಕ್ಷೆ ನಡೆಸಿದರು. ವಾರಕ್ಕೆ ಒಂದೆರಡು ಸಲ, ಸಲಕ್ಕೆ ಒಂದೇ ಪಾಠ ಪಡೆದ ನಾಯಿಗಳು ಎಲ್ಲಕ್ಕಿಂತ ಚೆನ್ನಾಗಿ ಕಲಿತವು. ದಿನಾ ಮೂರು ಪಾಠಗಳನ್ನು ಬೆನ್ನುಬೆನ್ನಿಗೆ ಪಡೆದವು ಎಲ್ಲಕ್ಕಿಂತ ಹಿಂದೆ ಬಿದ್ದವು. ನಾಲ್ಕು ವಾರ ಬಿಟ್ಟು ನೋಡಿದಾಗ ಕಲಿತದ್ದು ಎಲ್ಲ ಗುಂಪುಗಳಿಗೂ ನೆನಪಿತ್ತು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: ಕ್ಯಾಲೆಂಡರಿನ ಲೆಕ್ಕದಲ್ಲಿ ದಿನವೂ ಕಲಿತ ನಾಯಿಗಳೇ ಬೇಗ ಮುಗಿಸಿದವು, ಏಕೆಂದರೆ ಅವುಗಳ ಪಾಠಗಳು ಹತ್ತಿರ ಹತ್ತಿರ ಬಂದವು. ಆದರೆ ಪುರುಸೊತ್ತಿಲ್ಲದ ಯಜಮಾನನಿಗೆ ಬೇಕಾದ ಲೆಕ್ಕವೇ ಬೇರೆ. ತಾನು ಕೊಡುವ ಒಂದೊಂದು ನಿಮಿಷಕ್ಕೆ ಎಷ್ಟು ಕಲಿಕೆ ಸಿಗುತ್ತದೆ ಎಂಬುದು ಅವನ ಪ್ರಶ್ನೆ. ಆ ಲೆಕ್ಕದಲ್ಲಿ ನಡುನಡುವೆ ಬಿಡುವು ಕೊಟ್ಟ ಪುಟ್ಟ ಪಾಠವೇ ಮುಂದು. ವಾರವಿಡೀ ಸುಮ್ಮನಿದ್ದು ಭಾನುವಾರ ಎರಡು ಗಂಟೆ ಒಟ್ಟಿಗೆ ಕಲಿಸುವೆನೆಂದು ಹೊರಡುವವರು ಇದನ್ನು ಗಮನಿಸಬೇಕು.

ಬಿಡುವಿನಲ್ಲಿ ಏನಾಗುತ್ತದೆ? ಬುಡಾಪೆಸ್ಟಿನ ಸಂಶೋಧಕರು ನಾಯಿಗಳಿಗೆ ಮೊದಲೇ ಗೊತ್ತಿದ್ದ ಆಜ್ಞೆಗಳಿಗೆ ಇಂಗ್ಲಿಷ್ ಪದಗಳನ್ನು ಕಲಿಸಿ, ಅವು ಮಲಗಿದಾಗ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದರು. 2017ರಲ್ಲಿ ಹೊರಬಂದ ಆ ಅಧ್ಯಯನ, ನಿದ್ದೆಗೂ ಕಲಿತದ್ದು ಗಟ್ಟಿಯಾಗುವುದಕ್ಕೂ ನಂಟಿದೆ ಎಂದು ತೋರಿಸಿತು. ಬೆಳೆದ ನಾಯಿ ದಿನದ ಅರ್ಧದಷ್ಟು ಹೊತ್ತು ನಿದ್ದೆಯಲ್ಲೇ ಕಳೆಯುತ್ತದೆ. ಬೆಳಿಗ್ಗೆ ಮೂರು ನಿಮಿಷ ಕಲಿಸಿ ಕೆಲಸಕ್ಕೆ ಹೋದರೆ, ನಾವಿಲ್ಲದ ಹಗಲು ಆ ಪಾಠದ ಮಟ್ಟಿಗೆ ವ್ಯರ್ಥವಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ನಾವು ಕಲಿಸಲಿ ಬಿಡಲಿ, ನಾಯಿ ದಿನವಿಡೀ ಕಲಿಯುತ್ತಲೇ ಇರುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಅವು ಹೊರಬರುವ ದಾರಿ ಹುಡುಕುವುದನ್ನು ನೋಡಿ ಒಂದು ನಿಯಮ ಕಂಡುಕೊಂಡ: ಒಳ್ಳೆಯ ಫಲ ಕೊಟ್ಟ ನಡೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ. ಬಿ.ಎಫ್. ಸ್ಕಿನ್ನರ್ ಅದನ್ನೇ ಮುಂದುವರಿಸಿ, ಫಲ ಪ್ರತಿ ಸಲ ಸಿಗದೆ ಯಾವಾಗಲೋ ಒಮ್ಮೆ ಸಿಕ್ಕರೆ ಆ ನಡೆ ಇನ್ನೂ ಹಟದಿಂದ ಉಳಿಯುತ್ತದೆ ಎಂದು ತೋರಿಸಿದ. ಇದನ್ನು ನೋಡಲು ಪ್ರಯೋಗಾಲಯ ಬೇಡ, ಭಾನುವಾರದ ತಿಂಡಿಯ ಮೇಜು ಸಾಕು. ತಟ್ಟೆಯಲ್ಲಿ ದೋಸೆ. ನಾಯಿ ಬಂದು ತೊಡೆಯ ಮೇಲೆ ಗದ್ದ ಇಡುತ್ತದೆ. "ಇವತ್ತು ಇಲ್ಲ" ಎನ್ನುತ್ತಾರೆ ಅಜ್ಜ. ಪಂಜದಿಂದ ಮೆಲ್ಲಗೆ ಕೆರೆಯುತ್ತದೆ, ಇಲ್ಲ. ಕುಂಯ್ ಎನ್ನುತ್ತದೆ, ಇಲ್ಲ. ಕೊನೆಗೊಮ್ಮೆ ಗಟ್ಟಿಯಾಗಿ ಬೊಗಳುತ್ತದೆ, ಅಜ್ಜನ ಕೈ ತಾನಾಗಿಯೇ ದೋಸೆಯ ಗರಿಗರಿ ಅಂಚು ಮುರಿದು ಕೆಳಗಿಡುತ್ತದೆ. ಆ ಅರ್ಧ ನಿಮಿಷದಲ್ಲಿ ನಾಯಿ ಕಲಿತದ್ದು ಎರಡು: ಕೇಳಿದರೆ ಸಿಗದಿದ್ದರೆ ಬೊಗಳಬೇಕು, ಬೊಗಳಿದರೂ ಸಿಗದಿದ್ದರೆ ಬಿಡದೆ ಬೊಗಳುತ್ತಿರಬೇಕು. ಪಾಠ ಸೊಗಸಾಗಿ ನಡೆಯಿತು, ಮೇಷ್ಟರಿಗೆ ಮಾತ್ರ ಗೊತ್ತಾಗಲಿಲ್ಲ. ಹಾಗಾಗಿ ತರಬೇತಿಗೆ ಹೊತ್ತು ಎಲ್ಲಿಂದ ತರಲಿ ಎಂದು ಕೇಳುವ ಮುಂಚೆ, ಆಗಲೇ ನಡೆಯುತ್ತಿರುವ ತರಬೇತಿಯಲ್ಲಿ ಏನು ಕಲಿಸುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ಹೊಸ ಹೊತ್ತು ಹುಡುಕುವ ಕೆಲಸ ಅಲ್ಲಿಗೆ ಅರ್ಧ ಕಡಿಮೆಯಾಗುತ್ತದೆ.

ಉಳಿದರ್ಧ ಹೇಗೂ ಮಾಡಲೇಬೇಕಾದ ಕೆಲಸಗಳೊಳಗೇ ಇದೆ. ಯಾರ ಮನೆಯಲ್ಲಾದರೂ ನಾಯಿಯನ್ನು ದಿನಕ್ಕೆರಡು ಸಲ ಹೊರಗೆ ಕರೆದೊಯ್ಯಲೇಬೇಕು. ಬಾಗಿಲ ಚಿಲಕಕ್ಕೆ ಕೈ ಹಾಕಿದೊಡನೆ ನಾಯಿ ನುಗ್ಗುತ್ತದೆ. ಕೈ ಹಿಂದಕ್ಕೆ ತೆಗೆದು ಸುಮ್ಮನೆ ನಿಲ್ಲಿ, ಬೈಯಬೇಡಿ, ಜಗ್ಗಬೇಡಿ. ಏನೂ ನಡೆಯದ್ದು ಕಂಡು ಅದು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ನಿಮ್ಮ ಮುಖ ನೋಡುತ್ತದೆ, ಕೂರುತ್ತದೆ. ಆಗ ಚಿಲಕ ತೆಗೆಯಿರಿ. ಮತ್ತೆ ಎದ್ದು ನುಗ್ಗಿದರೆ ಮತ್ತೆ ಮುಚ್ಚಿ. ಮೊದಲ ದಿನ ಇದಕ್ಕೆ ನಾಲ್ಕು ನಿಮಿಷ ಹಿಡಿಯಬಹುದು. ಕೆಲವು ದಿನಗಳಲ್ಲಿ ಚಿಲಕದ ಸದ್ದೇ ಕೂರುವ ಆಜ್ಞೆಯಾಗುತ್ತದೆ, ಆಮೇಲೆ ಈ ಪಾಠಕ್ಕೆ ಬೇರೆ ಹೊತ್ತೇ ಬೇಡ. ಊಟದ ಬಟ್ಟಲು ಇಡುವಾಗಲೂ ಇದೇ ಕ್ರಮ. ದಿನದ ಆಹಾರದಲ್ಲಿ ಒಂದು ಹಿಡಿ ತೆಗೆದು ಅಡುಗೆಮನೆಯ ಡಬ್ಬಿಯಲ್ಲಿಟ್ಟುಕೊಂಡರೆ ಬಹುಮಾನಕ್ಕೆ ಬೇರೆ ತಿಂಡಿ ಕೊಳ್ಳಬೇಕಿಲ್ಲ. ಬೇಯಿಸಿದ ಕೋಳಿಯ ಚೂರು, ಕ್ಯಾರೆಟ್, ಪನ್ನೀರೂ ನಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕಲೇಟು ಮಾತ್ರ ಬೇಡವೇ ಬೇಡ, ಅವು ನಾಯಿಗೆ ವಿಷ. ಬಹುಮಾನ ಒಂದೆರಡು ಸೆಕೆಂಡಿನೊಳಗೆ ಬಾಯಿಗೆ ಬೀಳಬೇಕು, ತಡವಾದರೆ ಅದು ಯಾವ ನಡೆಗೆ ಸಿಕ್ಕಿತೆಂಬುದು ನಾಯಿಗೆ ತಿಳಿಯದು. ಇನ್ನು ನಮ್ಮ ಮನೆಗಳದ್ದೇ ಒಂದು ತೊಡಕಿದೆ. ಮಗಳು "ಸಿಟ್" ಎನ್ನುತ್ತಾಳೆ, ಅಜ್ಜಿ "ಕೂತ್ಕೊಳೋ" ಎನ್ನುತ್ತಾರೆ, ಕೆಲಸಕ್ಕೆ ಬರುವಾಕೆ ತನ್ನ ಭಾಷೆಯಲ್ಲಿ ಇನ್ನೇನೋ ಹೇಳುತ್ತಾಳೆ. ನಾಯಿಗೆ ಕನ್ನಡವಾದರೇನು ಇಂಗ್ಲಿಷಾದರೇನು, ಆದರೆ ಒಂದು ಕೆಲಸಕ್ಕೆ ಒಂದೇ ಪದ ಇರಬೇಕು. ನಾಲ್ಕೈದು ಪದ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರೆ, ಮನೆಯವರೆಲ್ಲರ ಚಿಲ್ಲರೆ ನಿಮಿಷಗಳು ಒಂದೇ ಪಾಠಕ್ಕೆ ಕೂಡುತ್ತವೆ.

ಇದಕ್ಕೆ ಆಕ್ಷೇಪಗಳಿವೆ, ಕೆಲವು ತೂಕದವು. ಡೆನ್ಮಾರ್ಕಿನ ಬೀಗಲ್‌ಗಳು ಪ್ರಯೋಗಾಲಯದ ನಾಯಿಗಳು, ಕಲಿತದ್ದೂ ಸರಳ ಕೆಲಸ. ಪಟಾಕಿ, ಬೀದಿನಾಯಿ, ಲಿಫ್ಟುಗಳ ನಡುವೆ ಬದುಕುವ ನಾಯಿಗೆ ಅದು ಹೇಗೆ ಅನ್ವಯಿಸುತ್ತದೆ? ಪೂರ್ತಿ ಅನ್ವಯಿಸದು, ನಿಜ. ಗಲಾಟೆಯ ನಡುವೆ ಮಾತು ಕೇಳುವ ನಾಯಿ ಬೇಕೆಂದರೆ ಅದೇ ಪಾಠವನ್ನು ಬೇರೆ ಬೇರೆ ಜಾಗಗಳಲ್ಲಿ ಮತ್ತೆ ಮಾಡಬೇಕು. ಆದರೆ ಅದು ಪುಟ್ಟ ಪಾಠಗಳ ಪರವಾದ ವಾದವೇ: ಒಂದೇ ಕಡೆ ಕಳೆದ ಒಂದು ಗಂಟೆಗಿಂತ ಮೆಟ್ಟಿಲಲ್ಲಿ, ಗೇಟಿನಲ್ಲಿ, ಅಂಗಡಿಯ ಮುಂದೆ ಕಳೆದ ಮೂರು ಮೂರು ನಿಮಿಷ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡು ಏಟು ಕೊಟ್ಟರೆ ಇಷ್ಟೆಲ್ಲ ತಾಪತ್ರಯವಿಲ್ಲ ಎನ್ನುವವರೂ ಇದ್ದಾರೆ. ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳನ್ನು ಅಭ್ಯಾಸ ಮಾಡಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೈದು ಜಗ್ಗಿ ಕಲಿಸುವ ಕಡೆಯ ನಾಯಿಗಳಲ್ಲಿ ಒತ್ತಡದ ಚಿಹ್ನೆಗಳು ಹೆಚ್ಚಿದ್ದವು, ತರಬೇತಿಯ ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿತ್ತು. ಹೆದರಿದ ನಾಯಿ ಹಾರುವುದನ್ನು ನಿಲ್ಲಿಸಬಹುದು, ಕಚ್ಚುವುದನ್ನು ಶುರುಮಾಡಬಹುದು. ಅದನ್ನು ಸರಿಪಡಿಸಲು ಹಿಡಿಯುವ ಹೊತ್ತಿನ ಮುಂದೆ ಮೊದಲು ಉಳಿಸಿದ ಹೊತ್ತು ಏನೂ ಅಲ್ಲ. ದುಡ್ಡು ಕೊಟ್ಟು ತಿಂಗಳ ಮಟ್ಟಿಗೆ ತರಬೇತುದಾರರ ಬಳಿ ಬಿಟ್ಟುಬರುವುದೂ ಪೂರ್ತಿ ಪರಿಹಾರವಲ್ಲ. ಅಲ್ಲಿ ನಾಯಿ ಕಲಿತು ಬರುತ್ತದೆ, ಮನೆಯವರು ಕಲಿತಿರುವುದಿಲ್ಲ, ಅಜ್ಜನ ದೋಸೆ ಇಲ್ಲೇ ಕಾಯುತ್ತಿರುತ್ತದೆ. ವಾರಕ್ಕೊಮ್ಮೆ ಮನೆಗೇ ಬಂದು ಮನೆಯವರಿಗೆ ಕಲಿಸುವವರು ಸಿಕ್ಕರೆ ಆ ದುಡ್ಡು ಸಾರ್ಥಕ.

ಆದರೆ ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಪಾಠಕ್ಕೆ ಮೂರು ನಿಮಿಷ ಸಾಕು, ಒಡನಾಟಕ್ಕೆ ಸಾಲದು. ಅಮೆರಿಕದ ಬಾರ್ ಹಾರ್ಬರಿನಲ್ಲಿ ವರ್ಷಗಟ್ಟಲೆ ನಾಯಿಮರಿಗಳನ್ನು ಅಭ್ಯಾಸ ಮಾಡಿದ ಸ್ಕಾಟ್ ಮತ್ತು ಫುಲ್ಲರ್ 1965ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಮೂರನೆಯ ವಾರದಿಂದ ಹನ್ನೆರಡನೆಯ ವಾರದ ತನಕ ಮರಿ ಕಂಡದ್ದು ಕೇಳಿದ್ದೇ ಅದರ ಮುಂದಿನ ಧೈರ್ಯಕ್ಕೆ ಬುನಾದಿ. ಮರಿ ಮನೆಗೆ ಬರುವಾಗ ಸಾಮಾನ್ಯವಾಗಿ ಎಂಟು ವಾರ ಕಳೆದಿರುತ್ತದೆ. ಉಳಿಯುವುದು ನಾಲ್ಕೇ ವಾರ, ಅವನ್ನು ಮುಂದಕ್ಕೆ ಹಾಕಲು ಬರುವುದಿಲ್ಲ. ಎರಡು ತಿಂಗಳ ಮರಿಗೆ ಮೂತ್ರ ತಡೆದುಕೊಳ್ಳಲಾಗುವುದು ಎರಡು ಮೂರು ಗಂಟೆ ಅಷ್ಟೆ. ಸ್ವೀಡನ್ನಿನಲ್ಲಿ ಬೆಳೆದ ನಾಯಿಯನ್ನೂ ಹಗಲಿನಲ್ಲಿ ಆರು ಗಂಟೆಗೊಮ್ಮೆಯಾದರೂ ಹೊರಗೆ ಬಿಡಬೇಕೆಂದು ನಿಯಮವೇ ಇದೆ. ಬಯಲಿನಲ್ಲಿ ಮೊಲದ ಬೆನ್ನಟ್ಟಿ ಓಡಲೆಂದೇ ಬೆಳೆಸಿದ ನಮ್ಮ ಮುಧೋಳ ನಾಯಿಯನ್ನು ಮೂರನೆಯ ಮಹಡಿಯ ಫ್ಲಾಟಿನಲ್ಲಿ ಹಗಲೆಲ್ಲ ಕೂಡಿಹಾಕಿ, ಸಂಜೆ ಮೂರು ನಿಮಿಷ "ಕೂತ್ಕೋ" ಹೇಳಿಕೊಟ್ಟರೆ ಅದು ಸೋಫಾ ಹರಿಯುತ್ತದೆ, ತಪ್ಪು ನಾಯಿಯದ್ದಲ್ಲ. ಹಗಲಿನಲ್ಲಿ ಮನೆಯಲ್ಲೊಬ್ಬರು ಇರಬೇಕು, ಅಥವಾ ಮಧ್ಯಾಹ್ನ ಒಬ್ಬರು ಬಂದು ಹೊರಗೆ ಕರೆದೊಯ್ಯಬೇಕು, ಅಥವಾ ಮೊದಲ ಕೆಲವು ವಾರ ಗಂಡ ಹೆಂಡತಿ ಸರದಿಯಲ್ಲಿ ರಜೆ ಹಾಕಬೇಕು. ಈ ಮೂರರಲ್ಲಿ ಒಂದೂ ಆಗದಿದ್ದರೆ ದಯವಿಟ್ಟು ಎಂಟು ವಾರದ ಮರಿಯನ್ನು ತರಬೇಡಿ. ಹಗಲಲ್ಲಿ ಹೆಚ್ಚು ಹೊತ್ತು ಮಲಗುವ, ತಡೆದುಕೊಳ್ಳಬಲ್ಲ, ಕಲಿಯುವ ಶಕ್ತಿಯೂ ಕುಂದದ ಬೆಳೆದ ನಾಯಿಗಳಿವೆ, ಅವುಗಳಲ್ಲಿ ಬಹಳಷ್ಟು ನಮ್ಮ ಬೀದಿಯ ನಾಡತಳಿಗಳೇ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳಲ್ಲಿ ಅವು ದತ್ತು ಸಿಗುತ್ತವೆ.